ಎರಡು ಲೋಟಗಳ ದೃಶ್ಯ

"ಕೂತ್ಕೊಳ್ಳಿ. ಯಾಕೆ ನಿಂತೇ ಇದೀರಿ? ನಿಮ್ಮದೇ ಮನೆ ಅಂದ್ಕೊಳ್ಳಿ."

ಮಾವ ಅಷ್ಟು ಹೇಳಿ ಮುಗುಳ್ನಕ್ಕ. ಸಾಸಿವೆ ಕೂತಳು. ಕುರ್ಚಿಯ ಒಂದು ಕಾಲು ಗಿಡ್ಡ. ಕೂತೊಡನೆ ಅದು ಕಟಕ್ಕೆಂದು ಪಕ್ಕಕ್ಕೆ ವಾಲಿತು. ಈ ಕುರ್ಚಿಯ ಬಗ್ಗೆ ಅಣ್ಣ ಮನೆಯಲ್ಲಿ ಎಷ್ಟು ಸಲ ಗೊಣಗಿದ್ದ! "ಹೆದರಿದ ಹಾಗೆ ನಟಿಸೋದೇ ಬೇಕಾಗಿಲ್ಲ ಕಣೇ, ಕುರ್ಚಿನೇ ಹೆದರಿಸುತ್ತೆ" ಅನ್ನುತ್ತಿದ್ದ.

ಹೋದ ಭಾನುವಾರ ಅಣ್ಣ ಇದೇ ಕುರ್ಚಿಯಲ್ಲಿ ಕೂತು, ತುಂಬಿದ ಸಭೆಯ ಮುಂದೆ ಒಂದು ಲೋಟ ನೀರು ಕುಡಿದು, ಮುಖ ಅಡಿಯಾಗಿ ಬಿದ್ದಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಅವನ ಉಸಿರೂ ನಿಂತಿತ್ತು.

ಇವತ್ತು ಅದೇ ದೃಶ್ಯವನ್ನು ಮತ್ತೆ ಆಡಿ ತೋರಿಸಬೇಕೆಂದು ಇನ್‌ಸ್ಪೆಕ್ಟರ್ ಹಟ ಹಿಡಿದಿದ್ದರು. ಅಣ್ಣನ ಮಾತುಗಳೆಲ್ಲ ಬಾಯಿಪಾಠ ಇದ್ದದ್ದು ಅವಳೊಬ್ಬಳಿಗೇ. ಮೂರು ತಿಂಗಳು ಊಟದ ಮೇಜಿನ ಎದುರು ಕೂತು ಅವನಿಗೆ ಮಾತು ಒಪ್ಪಿಸಿಕೊಂಡವಳು ಅವಳೇ ತಾನೆ.

ಮಧ್ಯಾಹ್ನದ ಬಿಸಿಲು ಮೇಲಿನ ಗವಾಕ್ಷಿಯಿಂದ ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು. ಕೆಳಗಿನ ಮಹಡಿಯ ಅಚ್ಚುಕೂಟದ ಯಂತ್ರ ಗಡಗಡ ಸದ್ದು ಮಾಡುತ್ತಾ ನೆಲವನ್ನೆಲ್ಲ ನಡುಗಿಸುತ್ತಿತ್ತು. ಭಾನುವಾರ ಅದಕ್ಕೂ ರಜೆ ಇತ್ತು.

ಐದನೆಯ ಸಾಲಿನ ನಡುವೆ ಇನ್‌ಸ್ಪೆಕ್ಟರ್ ಕೂತಿದ್ದರು. ಠಾಣೆಯವರು ಅವರಿಗೆ ಬೆನ್ನ ಹಿಂದೆ ನಿಧಾನಪ್ಪ ಅನ್ನುತ್ತಿದ್ದರು. ಅವರು ಬೂಟಿನ ದಾರ ಕಟ್ಟಿ ಮುಗಿಸುವಷ್ಟರಲ್ಲಿ ಕಳ್ಳ ಮದುವೆಯಾಗಿ ಮಕ್ಕಳನ್ನೂ ಹೆತ್ತಿರುತ್ತಾನೆ ಎಂಬುದು ಅಲ್ಲಿನ ತಮಾಷೆ. ಒಂದು ವಾರದಿಂದ ಅವರು ಯಾರ ಮೇಲೂ ದನಿ ಏರಿಸಿರಲಿಲ್ಲ. ಯಾರನ್ನೂ ಬಿಟ್ಟಿರಲೂ ಇಲ್ಲ.

ಮೊದಲ ಸಾಲಿನಲ್ಲಿ ಅತ್ತಿಗೆ. ಅಣ್ಣನ ಹೆಂಡತಿ, ಈಗ ತುಂಬು ಬಸುರಿ. ಸೊಂಟಕ್ಕೆ ದಿಂಬು ಕೊಟ್ಟುಕೊಂಡು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ತಂಡದ ಬಟ್ಟೆಬರೆ ಹೊಲಿಯುವವಳೂ ಇಸ್ತ್ರಿ ಮಾಡುವವಳೂ ಅವಳೇ.

ಪರದೆಯ ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದರು. ನಾಟಕ ಬರೆದವರೂ ಆಡಿಸಿದವರೂ ಅವರೇ. ಶಾಲೆಯಲ್ಲಿ ಮಕ್ಕಳಿಗೆ ಮಾವಿನಕಾಯಿ, ಹೂದಾನಿ ಬಿಡಿಸಲು ಕಲಿಸುವ ಈ ಸಾಧು ಮನುಷ್ಯನ ತಲೆಯಲ್ಲಿ ಇಂಥ ಕರಾಳ ನಾಟಕ ಎಲ್ಲಿ ಅಡಗಿತ್ತೋ! ಆದರೆ ಪ್ರದರ್ಶನದ ದಿನ ಅವರು ಒಳಗೆ ಕೂರುವವರಲ್ಲ. ಎದೆ ಡವಡವ ಅನ್ನುತ್ತದೆಂದು ಹೊರಗಿನ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚುವವರು.

"ನಿಲ್ಲಿಸ್ಬೇಡಿ, ಮುಂದುವರಿಸಿ" ಎಂದರು ನಿಧಾನಪ್ಪ.

ಮಾವ ಮೇಜಿನ ಸುತ್ತ ಒಂದು ಸುತ್ತು ಬಂದ. ನಾಟಕದಲ್ಲಿ ಅವನು ಮನೆಯ ಯಜಮಾನ, ಅಣ್ಣ ಬಾಡಿಗೆದಾರ. ಬಾಡಿಗೆದಾರ ಕಿಟಕಿಯಿಂದ ನೋಡಬಾರದ್ದೇನನ್ನೋ ನೋಡಿಬಿಟ್ಟಿದ್ದಾನೆ. ಯಜಮಾನ ಅದನ್ನು ವಿಚಾರಿಸಲು ಬಂದಿದ್ದಾನೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಬರೀ ಮಾತಾಡುತ್ತಾನೆ.

"ಕಿಟಕಿ ಯಾಕೆ ಮುಚ್ಚಿದೀರಿ?"

"ಗಾಳಿ ಜಾಸ್ತಿ" ಎಂದಳು ಸಾಸಿವೆ.

"ಗಾಳಿ. ಹೂಂ. ನಾನೆಲ್ಲೋ ನೋಡೋರು ಜಾಸ್ತಿ ಅಂದ್ಕೊಂಡೆ."

"ನಾನು ಯಾರನ್ನೂ ನೋಡಿಲ್ಲ."

"ಯಾರನ್ನ ನೋಡಿಲ್ಲ?" ಮಾವ ತಲೆ ಓರೆ ಮಾಡಿದ. "ನಾನು ಕೇಳೇ ಇಲ್ವಲ್ಲ."

ಅವಳ ತೋಳಿನ ಮೇಲೆ ರೋಮ ಎದ್ದು ನಿಂತವು. ಇವನು ಅಮ್ಮನ ಬೆನ್ನಿಗೆ ಬಿದ್ದ ತಮ್ಮ. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಸಿಟ್ಟು ಬಂದರೆ ಕಾದ ಎಣ್ಣೆಗೆ ಬಿದ್ದ ಹಾಗೆ ಚಟಪಟ ಸಿಡಿಯುತ್ತಾಳೆಂದು ಅವಳಿಗೆ ಸಾಸಿವೆ ಅಂತ ಹೆಸರಿಟ್ಟವನೂ ಅವನೇ. ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವ ಕೆಲಸದಲ್ಲಿ ಆಯುಷ್ಯವನ್ನೆಲ್ಲ ಕಳೆದ. ಊರಿಗೆ ಊರೇ ಅವನ ದನಿ ಕೇಳಿ ಹೊರಡುತ್ತಿತ್ತು, ಅವನ ದನಿ ಕೇಳಿ ಬಂದಿಳಿಯುತ್ತಿತ್ತು. ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ದನಿ ಈಗ ಅವಳ ಕಿವಿಯ ಹತ್ತಿರ ಬಂತು.

"ಬಾಯಾರಿರ್ಬೇಕು ನಿಮಗೆ."

"ಇಲ್ಲ."

"ಆರುತ್ತೆ."

ಮೇಷ್ಟ್ರು ತಟ್ಟೆ ಹಿಡಿದು ಬಂದರು. ಕಪ್ಪು ಬಣ್ಣ ಬಳಿದ ಮರದ ತಟ್ಟೆ, ಮೇಲೆ ಎರಡು ಗಾಜಿನ ಲೋಟ. ಲೋಟಗಳು ಒಂದಕ್ಕೊಂದು ತಾಕಿ ಟಿಣ್ ಎಂದವು. ಮೇಷ್ಟ್ರು ತಟ್ಟೆಯನ್ನು ಮೇಜಿನ ಮೇಲೆ ಇಟ್ಟವರೇ ಹಿಂದೆ ನೋಡದೆ ಪರದೆಯ ಮರೆಗೆ ಓಡಿದರು. ಬೇರೆ ದಿನವಾಗಿದ್ದರೆ ಸಾಸಿವೆ ನಕ್ಕುಬಿಡುತ್ತಿದ್ದಳು.

"ಒಂದರಲ್ಲಿ ನೀರು" ಎಂದ ಮಾವ, ಎದುರಿನ ಕುರ್ಚಿಯಲ್ಲಿ ಕೂರುತ್ತಾ. "ಇನ್ನೊಂದರಲ್ಲೂ ನೀರೇ. ಆದ್ರೆ ಒಂದರಲ್ಲಿ ನೀರಿನ ಜೊತೆ ಇನ್ನೇನೋ ಇದೆ. ಆರಿಸ್ಕೊಳ್ಳಿ. ಉಳಿದಿದ್ದು ನನಗೆ. ನ್ಯಾಯ ಅಂದ್ರೆ ಇದೇ ತಾನೆ?"

ನಾಟಕದಲ್ಲಿ ಇಬ್ಬರೂ ಕುಡಿಯುತ್ತಾರೆ. ಏನೂ ಆಗುವುದಿಲ್ಲ. ಯಜಮಾನ ಬಾಯಿ ಒರೆಸಿಕೊಂಡು "ಇವತ್ತಲ್ಲ" ಎಂದು ಹೇಳಿ ಎದ್ದು ಹೋಗುತ್ತಾನೆ. ಅಷ್ಟೇ. ಆ ಒಂದು ಮಾತಿಗೆ ಪ್ರತಿ ಸಲವೂ ಸಭೆಯಲ್ಲಿ ಯಾರಾದರೊಬ್ಬರು ಹಾ ಎಂದು ಉಸಿರೆಳೆಯುತ್ತಿದ್ದರು.

ಯಾವ ಲೋಟ ಎತ್ತಬೇಕೆಂಬುದನ್ನು ಮೇಷ್ಟ್ರು ಬೇಕೆಂದೇ ಅಣ್ಣನಿಗೆ ಬಿಟ್ಟಿದ್ದರು. ಆ ಕ್ಷಣದಲ್ಲಿ ಮನಸ್ಸಿಗೆ ಬಂದದ್ದನ್ನು ಎತ್ತಬೇಕು, ಆಗಲೇ ಹೆದರಿಕೆ ನಿಜವಾಗಿರುತ್ತದೆ ಎಂದು. ಇಡೀ ತನಿಖೆ ಮುಗ್ಗರಿಸಿ ಬಿದ್ದದ್ದೂ ಅಲ್ಲೇ. ವಿಷ ಇದ್ದದ್ದು ಒಂದೇ ಲೋಟದಲ್ಲಿ. ಆರಿಸಿಕೊಂಡವನು ಅಣ್ಣ. ಅವನು ಇನ್ನೊಂದನ್ನು ಎತ್ತಿದ್ದರೆ ಸಾಯುತ್ತಿದ್ದವನು ಮಾವ. ಹಾಗಾಗಿ ಕೊಲೆಗಾರನ ಕಣ್ಣು ಯಾರ ಮೇಲಿತ್ತು ಎಂಬುದೇ ತಿಳಿಯದೆ, ಮಾವನ ಮನೆಯ ಬಾಗಿಲಿಗೂ ಒಬ್ಬ ಪೊಲೀಸನನ್ನು ಕಾವಲು ಹಾಕಿದ್ದರು.

"ಯಾರು ಸತ್ರೂ ಪರವಾಗಿಲ್ಲ ಅಂತ ಕೊಲೆ ಮಾಡೋನನ್ನ ನಾನಿನ್ನೂ ನೋಡಿಲ್ಲಮ್ಮ" ಎಂದು ನಿಧಾನಪ್ಪ ಬೆಳಗ್ಗೆಯಷ್ಟೇ ಹೇಳಿದ್ದರು. "ಆ ಕುರ್ಚೀಲಿ ಕೂತೋರಿಗೆ ಮಾತ್ರ ಕಾಣೋದು ಏನೋ ಇರ್ಬೇಕು. ಅದಕ್ಕೇ ನೀವು ಕೂರ್ಬೇಕು."

ಸಾಸಿವೆ ಎರಡೂ ಲೋಟಗಳನ್ನು ನೋಡಿದಳು. ಬರೀ ನೀರು. ಒಬ್ಬ ಪೊಲೀಸಿನವನು ಅವಳ ಕಣ್ಣೆದುರೇ ತೊಳೆದು ತುಂಬಿಸಿದ ನೀರು. ಆದರೂ ಗಂಟಲ ಪಸೆ ಆರಿತ್ತು. ಬಲಗಡೆಯ ಲೋಟಕ್ಕೆ ಕೈ ಚಾಚಿದಳು.

"ಅದು ಬೇಡ."

ಅವಳ ಕೈ ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಬಂತು.

ಮಾವ ತುಟಿ ಅಲುಗಿಸಿರಲಿಲ್ಲ. ಆ ಮಾತು ಮೇಜಿನ ಅಂಚನ್ನೂ ದಾಟಿರಲಿಲ್ಲ. ಐದನೆಯ ಸಾಲಿಗಂತೂ ಕೇಳುವ ಪ್ರಶ್ನೆಯೇ ಇಲ್ಲ. ಯಂತ್ರದ ಗಡಗಡದ ಕೆಳಗೆ ನುಸುಳಿ ನೇರ ಅವಳ ಎದೆಗೇ ಬಂದು ನಾಟಿತ್ತು. ಅವಳ ಕೈ ತಾನಾಗಿ ಎಡಗಡೆಯ ಲೋಟದ ಮೇಲಿತ್ತು. ತಾನು ಯಾವಾಗ ಕೈ ಬದಲಿಸಿದೆ ಎಂಬುದೇ ಅವಳಿಗೆ ಗೊತ್ತಾಗಿರಲಿಲ್ಲ.

ಅವಳು ಮಾವನ ಮುಖ ನೋಡಿದಳು. ಯಜಮಾನನ ಮುಗುಳ್ನಗೆ ತುಟಿಯ ಮೇಲೆ ಹಾಗೇ ಇತ್ತು. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

"ಮಾವಾ" ಎಂದಳು ಸಾಸಿವೆ, ಗಟ್ಟಿಯಾಗಿ. "ಇದು ನಾಟಕದಲ್ಲಿಲ್ಲ."

"ಏನಿಲ್ಲ?" ಮೇಷ್ಟ್ರು ಪರದೆಯಿಂದ ತಲೆ ಹೊರಹಾಕಿದರು. "ಏನಂದ್ರು? ನನಗೇನೂ ಕೇಳಿಸ್ಲಿಲ್ಲ."

"ಅದು ಬೇಡ ಅಂದ."

"ನಾನು ಹಾಗೆ ಬರೆದೇ ಇಲ್ಲ!" ಮೇಷ್ಟ್ರ ದನಿ ಕೀಚಲಾಯಿತು. "ಅಲ್ಲಿರೋದು ಮೌನ! ಆ ಮೌನಕ್ಕೋಸ್ಕರ ನಾನು ಎರಡು ವರ್ಷ ಒದ್ದಾಡಿದೀನಿ, ಗೊತ್ತಾ ನಿಮಗೆ?"

ನಿಧಾನಪ್ಪ ಎದ್ದರು. ಕುರ್ಚಿಸಾಲಿನಿಂದ ಹೊರಬಂದು, ಪಕ್ಕದ ಮೆಟ್ಟಿಲು ಹತ್ತಿ, ಮೇಜಿನ ಹತ್ತಿರ ಬಂದರು. ಅವರ ನಿಧಾನ ಇಷ್ಟು ಭಯ ಹುಟ್ಟಿಸಬಹುದೆಂದು ಸಾಸಿವೆಗೆ ಆವರೆಗೆ ಗೊತ್ತಿರಲಿಲ್ಲ.

"ಯಜಮಾನ್ರೇ" ಎಂದರು ಅವರು, ಪಾತ್ರದ ಹೆಸರನ್ನೇ ಹಿಡಿದು. "ಇದನ್ನ ಪ್ರತಿ ಸಲ ಹೇಳ್ತಿದ್ರಾ?"

ಮಾವ ತಲೆಯಾಡಿಸಿದ. "ಮೊದಲನೇ ಪ್ರದರ್ಶನದಿಂದಲೂ. ತಮಾಷೆಗೆ ಶುರು ಮಾಡಿದ್ದು. ಹುಡುಗ ಬೆಚ್ಚಿಬಿದ್ದ. ಆಮೇಲೆ ಅವನೇ ಅಂದ, ಮಾವಾ, ದಿನಾ ಹೇಳು, ನನಗೆ ನಿಜವಾಗ್ಲೂ ಚಳಿ ಬರುತ್ತೆ ಅಂತ. ನಮ್ಮಿಬ್ಬರ ಗುಟ್ಟು ಅದು."

"ನೀವು ಬೇಡ ಅಂದ್ರೆ ಅವನು ಕೈ ಬದಲಿಸ್ತಿದ್ದ."

"ಹೂಂ."

"ಅಂದ್ರೆ ಯಾವ ಲೋಟ ಅನ್ನೋದು ಅವನ ಕೈಲಿರ್ಲಿಲ್ಲ. ನಿಮ್ಮ ಬಾಯಲ್ಲಿತ್ತು."

ಮಾವ ಲೋಟಗಳನ್ನೇ ನೋಡುತ್ತಿದ್ದ.

"ಭಾನುವಾರ ಅವನು ಮೊದಲು ಯಾವುದಕ್ಕೆ ಕೈ ಹಾಕಿದ?"

"ಬಲಗಡೇದಕ್ಕೆ."

"ನೀವು ಬೇಡ ಅಂದ್ರಿ. ಎಡಗಡೇದು ಕುಡಿದ. ಎಡಗಡೇದರಲ್ಲೇ ವಿಷ ಇತ್ತು."

ಸಾಸಿವೆಯ ಕಿವಿ ಗುಂಯ್‌ಗುಟ್ಟಿತು. ಮಣ್ಣು ಮಾಡುವಾಗ ಮಾವ ಅಣ್ಣನ ಪಾದ ಹಿಡಿದವನು ಬಿಟ್ಟೇ ಇರಲಿಲ್ಲ. ಇಬ್ಬರು ಸೇರಿ ಅವನನ್ನು ಎಳೆದು ಎಬ್ಬಿಸಬೇಕಾಯಿತು. ಅದೂ ನಟನೆಯೇ?

"ಮಾವಾ, ನೀನಾ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನೀನಾ ಹಾಕಿದ್ದು?"

"ನಾನೇ" ಎಂದ ಮಾವ.

ಪರದೆಯ ಹತ್ತಿರ ಮೇಷ್ಟ್ರು ಧೊಪ್ಪನೆ ನೆಲದ ಮೇಲೆ ಕೂತರು.

"ನಾನೇ ಹಾಕಿದ್ದು ಕಂದಾ. ನೀನು ಆ ಕುರ್ಚೀಲಿ ಕೂತ ಮೇಲೆ ಮುಚ್ಚಿಡೋಕೆ ನನ್ನ ಕೈಲಿ ಆಗ್ಲಿಲ್ಲ. ಅದಕ್ಕೇ ಇವತ್ತೂ ಹೇಳಿದೆ, ನೀನು ಕೇಳಿಸ್ಕೊಳ್ಳಲಿ ಅಂತ. ಆದ್ರೆ ನಾನು ಹಾಕಿದ್ದು ಅವನ ಲೋಟಕ್ಕಲ್ಲ." ಅವನು ಬೆರಳಿಂದ ಬಲಗಡೆಯ ಲೋಟ ತೋರಿಸಿದ. "ಇದಕ್ಕೆ. ನನಗೆ ಅಂತ."

"ನಿಮಗೆ?" ನಿಧಾನಪ್ಪ ಕೇಳಿದರು.

ಮಾವ ಕೊರಳಪಟ್ಟಿಯ ಗುಂಡಿ ಬಿಚ್ಚಿ ಗಂಟಲು ಮುಟ್ಟಿಕೊಂಡ. "ಇಲ್ಲಿ ಗಡ್ಡೆ ಇದೆ. ಕತ್ತರಿಸಿ ತೆಗೀಬೇಕಂತೆ. ಜೀವ ಉಳಿಯುತ್ತೆ, ದನಿ ಹೋಗುತ್ತೆ ಅಂದ್ರು ಡಾಕ್ಟ್ರು. ನನ್ನ ಹತ್ರ ಇನ್ನೇನಿದೆ ಸರ್? ಮನೆಯಿಲ್ಲ, ಮಕ್ಕಳಿಲ್ಲ. ಇದೊಂದಿತ್ತು. ಇದು ಹೋಗೋಕೆ ಮುಂಚೆ, ಇದೇ ಜಾಗದಲ್ಲಿ, ಆ ಕೊನೇ ಮಾತು ಹೇಳಿ ಮುಗಿಸ್ಬಿಡೋಣ ಅಂದ್ಕೊಂಡೆ. ಹುಚ್ಚು. ಈಗ ಗೊತ್ತಾಗ್ತಿದೆ ಎಂಥಾ ಹುಚ್ಚು ಅಂತ."

"ಮುಂದೆ ಹೇಳಿ."

"ಹುಡುಗ ಬಲಗಡೇದಕ್ಕೆ ಕೈ ಹಾಕಿದ. ನಾನು ಬೇಡ ಅಂದೆ. ಒಳ್ಳೇದನ್ನ ತಗೊಂಡ ಅಂತ ಸಮಾಧಾನ ಆಯ್ತು. ನಾನು ನನ್ನದು ಕುಡಿದೆ. ಕಾಯ್ತಾ ಕೂತೆ." ಮಾವನ ಕೆನ್ನೆ ಅದುರಿತು. "ಅವನು ಬಿದ್ದ. ನಾನು ಬೀಳ್ಲಿಲ್ಲ. ಯಾಕೆ ಬೀಳ್ತಿಲ್ಲ ನಾನು ಅಂತ ನೋಡ್ತಾ ಇದ್ದೀನಿ, ಜನ ಚಪ್ಪಾಳೆ ಹೊಡೀತಿದಾರೆ, ಬಾಯಿ ತಾನಾಗೇ 'ಇವತ್ತಲ್ಲ' ಅಂತು. ವಾರದಿಂದ ಅದೇ ಮಾತು ಕೇಳಿಸ್ತಿದೆ ನನಗೆ. ಬಾಯಿ ಬಿಟ್ಟು ಹೇಳಿದ್ರೆ ಯಾರು ನಂಬ್ತಾರೆ?"

ಸಾಸಿವೆ ನಂಬಿದಳು. ನಂಬಬಾರದೆಂದು ಹಲ್ಲು ಕಚ್ಚಿದಳು, ಆದರೂ ನಂಬಿದಳು. ಎದುರಿಗೆ ಕೂತಿದ್ದವನು ಈಗ ಯಜಮಾನನಲ್ಲ. ದನಿ ಒಡೆದ, ಬಡಕಲು ಮುದುಕ.

ನಿಧಾನಪ್ಪ ಬಗ್ಗಿ ಆ ತಟ್ಟೆಯನ್ನು ನೋಡಿದರು. ಅದರ ಒಂದು ಅಂಚಿನ ನಡುವೆ ಉಗುರಿನಷ್ಟಗಲದ ಬಿಳಿ ಚುಕ್ಕೆ ಇತ್ತು.

"ಮೇಷ್ಟ್ರೇ, ಇದೇನು?"

"ಗುರುತು ಸರ್" ಎಂದರು ಮೇಷ್ಟ್ರು ಕೂತಲ್ಲಿಂದಲೇ. "ತಟ್ಟೆ ತರೋರು ಆ ಚುಕ್ಕೆ ತಮ್ಮ ಕಡೆಗೆ ಬರೋ ಹಾಗೆ ಹಿಡೀಬೇಕು. ಲೋಟ ಇಟ್ಟ ಜಾಗ ಹೆಚ್ಚುಕಮ್ಮಿ ಆಗಬಾರದು, ಬೆಳಕು ಸರಿಯಾಗಿ ಬೀಳಲ್ಲ ಅಂತ. ಎಲ್ರಿಗೂ ಗೊತ್ತು ಅದು."

"ನಾನೂ ಆ ಚುಕ್ಕೆ ನೋಡ್ಕೊಂಡೇ ಹಾಕಿದ್ದು, ಪರದೆ ಹಿಂದೆ, ಇಸ್ತ್ರಿ ಮೇಜಿನ ಪಕ್ಕದಲ್ಲಿ" ಎಂದ ಮಾವ.

"ಹಾಗಿದ್ರೆ ಬಲಗಡೆ ಇದ್ದ ಲೋಟ ಎಡಗಡೆಗೆ ಬರೋಕೆ ಒಂದೇ ದಾರಿ." ನಿಧಾನಪ್ಪ ಎರಡೂ ಕೈಯಿಂದ ತಟ್ಟೆ ಹಿಡಿದು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿದರು. ಚುಕ್ಕೆ ಆ ಕಡೆಗೆ ಹೋಯಿತು. ಲೋಟಗಳು ಅದಲುಬದಲಾದವು. "ಭಾನುವಾರ ತಟ್ಟೆ ತಂದಿದ್ದು ಯಾರು?"

ಎಲ್ಲರಿಗೂ ಉತ್ತರ ಗೊತ್ತಿತ್ತು.

"ನಾನು" ಎಂದಳು ಸಾಸಿವೆ.

ನಾಟಕದಲ್ಲಿ ಅವಳದು ಕೆಲಸದವಳ ಪಾತ್ರ. ಒಂದು ಮಾತೂ ಇಲ್ಲ. ತಟ್ಟೆ ತರುವುದು, ಇಡುವುದು, ಹೋಗುವುದು. ಎಂದಿನಂತೆ ಚುಕ್ಕೆಯನ್ನು ತನ್ನ ಕಡೆಗೆ ಮಾಡಿಕೊಂಡೇ ಅವಳು ತಟ್ಟೆ ಎತ್ತಿದ್ದಳು. ಪರದೆಯ ಹಿಂದಿನ ಇಕ್ಕಟ್ಟು, ಇಸ್ತ್ರಿ ಪೆಟ್ಟಿಗೆಯ ಬಿಸಿ ವಾಸನೆ, ತೂಗುಹಾಕಿದ ಅಂಗಿಗಳ ಮರೆ. ಅಲ್ಲಿ ಒಂದು ಕೈ ಅವಳ ಮೊಣಕೈ ಹಿಡಿದಿತ್ತು. ಮೆಲ್ಲನೆಯ, ಅಕ್ಕರೆಯ ದನಿ: "ತಿರುಗಿಸಿ ಹಿಡ್ಕೋ ಸಾಸಿವೆ. ಈ ಕಡೆ ಅಂಚು ಸೀಳಿದೆ, ತೋಳಿಗೆ ಸಿಕ್ಕಿಹಾಕ್ಕೊಳ್ಳುತ್ತೆ."

ಅತ್ತಿಗೆ ಹೇಳಿದ್ದಳು. ಅವಳು ತಿರುಗಿಸಿದ್ದಳು. ಆಮೇಲೆ ನಡೆದದ್ದರ ಮುಂದೆ ಅದು ನೆನಪಿನಿಂದ ಹಾರಿಯೇ ಹೋಗಿತ್ತು.

ಅವಳು ಕೈ ಮುಂದೆ ಚಾಚಿ ಚುಕ್ಕೆಯಿದ್ದ ಅಂಚಿನ ಮೇಲೆ ಬೆರಳಾಡಿಸಿದಳು. ಉದ್ದಕ್ಕೂ, ಈ ತುದಿಯಿಂದ ಆ ತುದಿಯವರೆಗೆ. ನುಣುಪು. ಎಲ್ಲೂ ಒಂದು ಗೀರು ಕೂಡ ಇಲ್ಲ.

ಅಣ್ಣ ಯಾವ ಗುಟ್ಟನ್ನೂ ಅತ್ತಿಗೆಯಿಂದ ಮುಚ್ಚಿಟ್ಟವನಲ್ಲ.

ಅವಳು ಮೊದಲ ಸಾಲಿನ ಕಡೆ ನೋಡಲಿಲ್ಲ. ನೋಡಿದರೆ ನಿಧಾನಪ್ಪನ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲೇ ಮಲಗಿದವಳು ಅತ್ತಿಗೆ. ಮಗು ನಿಲ್ಲಲಿ ಎಂದು ಅಣ್ಣನೂ ಅವಳೂ ಎಷ್ಟು ವರ್ಷ ಆಸ್ಪತ್ರೆ ಸುತ್ತಿದ್ದರು! ಅಣ್ಣನದೆಂದು ಈ ಭೂಮಿಯ ಮೇಲೆ ಉಳಿದಿರುವುದು ಆ ಹೊಟ್ಟೆಯೊಳಗಿನ ಕೂಸು ಒಂದೇ. ತಾನೀಗ ಒಂದು ಮಾತು ಆಡಿದರೆ ಆ ಕೂಸು ಕಣ್ಣು ಬಿಡುವುದು ಜೈಲಿನಲ್ಲಿ.

ಏನೋ ತಪ್ಪು ತಿಳಿದಿರಬೇಕು ಅತ್ತಿಗೆ. ಯಾವುದೋ ಬೇರೆ ತಟ್ಟೆ ಅಂದುಕೊಂಡಿರಬೇಕು. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎದುರು ಕೂರಿಸಿಕೊಂಡು ಕೇಳಿದರಾಯಿತು. ಮೊದಲು ಇಲ್ಲಿಂದ ಅವಳನ್ನು ಹೊರಗೆ ದಾಟಿಸಬೇಕು.

"ತಟ್ಟೆ ತಿರುಗಿಸಿ ಹಿಡ್ಕೊಂಡಿದ್ರಾ?" ನಿಧಾನಪ್ಪ ಕೇಳಿದರು.

"ಹೂಂ."

"ಯಾರಾದ್ರೂ ಹೇಳಿದ್ರಾ ಹಾಗೆ ಹಿಡೀರಿ ಅಂತ?"

ಕೆಳಗೆ ಯಂತ್ರ ನಿಂತಿತು. ಸದ್ದು ನಿಂತ ಮೇಲೆಯೇ ಅದು ಎಷ್ಟು ದೊಡ್ಡದಿತ್ತೆಂದು ಗೊತ್ತಾಯಿತು.

"ಇಲ್ಲ" ಎಂದಳು ಸಾಸಿವೆ. "ಯಾರೂ ಹೇಳ್ಲಿಲ್ಲ. ನಾನೇ. ಅವಸರದಲ್ಲಿ ಗಮನ ಇರ್ಲಿಲ್ಲ."

ಮಾವ ತಲೆಯೆತ್ತಿ ಅವಳನ್ನೇ ದಿಟ್ಟಿಸಿದ. ಚಿಕ್ಕಂದಿನಿಂದ ಅವಳ ಸುಳ್ಳನ್ನು ದನಿಯಲ್ಲೇ ಹಿಡಿದುಬಿಡುತ್ತಿದ್ದವನು ಅವನು. ಏನೋ ಹೇಳಲು ಬಾಯಿ ತೆರೆದ. ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ಇಷ್ಟು ದಿನ ಯಾವತ್ತೂ ತಪ್ಪಿರ್ಲಿಲ್ಲ. ವಿಷ ಇದ್ದ ದಿನವೇ ತಪ್ಪಿತು" ಎಂದರು ನಿಧಾನಪ್ಪ. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ದಣಿವಿತ್ತು. ಖಾಲಿ ಕುರ್ಚಿಗಳ ಕಡೆ ತಿರುಗಿ ದನಿ ಸ್ವಲ್ಪ ಎತ್ತರಿಸಿದರು. "ಇವರು ತಟ್ಟೆ ಎತ್ಕೊಳ್ಳೋದನ್ನ ಯಾರಾದ್ರೂ ನೋಡಿದ್ರಾ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು.

ಮೊದಲ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅತ್ತಿಗೆ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಕಷ್ಟಪಟ್ಟು ಎದ್ದು ನಿಂತಳು.

"ನಾನು ನೋಡಿದೆ ಸರ್."

ಬೇಡ ಅತ್ತಿಗೆ, ಎಂದು ಸಾಸಿವೆಯ ಮನಸ್ಸು ಕೂಗಿತು. ಹೇಳಬೇಡ. ನಾನು ನೋಡಿಕೊಳ್ಳುತ್ತೇನೆ. ಆದರೆ ಅದರ ಜೊತೆಯಲ್ಲೇ, ವಾರದಿಂದ ಕಟ್ಟಿಕೊಂಡಿದ್ದ ಎದೆ ಒಂದು ಚೂರು ಸಡಿಲವಾಯಿತು. ಅತ್ತಿಗೆ ಅತ್ತಿಗೆಯೇ. ತನ್ನ ತಲೆಯ ಮೇಲೆ ಇದನ್ನು ಹೊರಲು ಬಿಡುವವಳಲ್ಲ.

"ಹೇಳಿಮ್ಮ" ಎಂದರು ನಿಧಾನಪ್ಪ.

"ನಾನು ಅಲ್ಲೇ ಇಸ್ತ್ರಿ ಮಾಡ್ತಿದ್ದೆ. ಇವಳು ತಟ್ಟೆ ತಿರುಗಿಸಿದ್ದು ನೋಡಿ, ಹಾಗಲ್ಲ ಕಣೇ, ಚುಕ್ಕೆ ನಿನ್ನ ಕಡೆಗೆ ಬರ್ಲಿ ಅಂತ ಎರಡೆರಡು ಸಲ ಹೇಳಿದೆ." ಅತ್ತಿಗೆ ಮೂಗು ಒರೆಸಿಕೊಂಡಳು. "ನನಗೆ ಗೊತ್ತು ಬಿಡು ಅಂದ್ಳು. ನನ್ನ ಕೈ ಕೊಡವಿ ಹೋದ್ಳು. ನಾದಿನಿ ಅಲ್ವಾ, ಹೇಳೋದು ಹೇಗೆ ಅಂತ ವಾರದಿಂದ ಸುಮ್ಮನಿದ್ದೆ."

ಅಷ್ಟೂ ಹೊತ್ತು ಅವಳು ನೋಡುತ್ತಿದ್ದದ್ದು ಇನ್‌ಸ್ಪೆಕ್ಟರನ್ನಲ್ಲ, ಸಾಸಿವೆಯನ್ನು. ಹೊಟ್ಟೆಯ ಮೇಲಿಟ್ಟ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.